ಟವರ್ ಬೇಡ, ಸಿಗ್ನಲ್ ಬೇಕು!

‘ನಮ್ಮ ಬೀದೀಲಿ ಮೊಬೈಲ್ ಟವರ್ ಬೇಡ, ಕ್ಯಾನ್ಸರ್ ಬರುತ್ತೆ.’ ಇಂಥ ದೂರು ಹೇಳೋಕೆ ನಮ್ಮ ಸ್ಟುಡಿಯೋಗೆ ಫೋನ್ ಮಾಡ್ತಾನೇ ಇರ್ತೀರಿ. ಮಾಡೋದು ಮೊಬೈಲಿನಿಂದಲೇ! ನಗುವ ವಿಷಯವಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರಿಗೆ ಭಯ ಸಹಜ. ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಈ ಭಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೊದಲು ಒಂದು ಮಾತು. ಎಲ್ಲ ವಿಕಿರಣವೂ ಒಂದೇ ಅಲ್ಲ. ಎಕ್ಸ್-ರೇಗೆ ನಮ್ಮ ಡಿಎನ್ಎಗೆ ಪೆಟ್ಟು ಕೊಡುವಷ್ಟು ಶಕ್ತಿ ಇದೆ. ಮೊಬೈಲ್ ತರಂಗಕ್ಕೆ ಅಷ್ಟು ಶಕ್ತಿ ಇಲ್ಲ. ತೀರಾ ಜೋರಾದರೆ ಅದು ಮೈಯನ್ನು ಬಿಸಿ ಮಾಡುತ್ತೆ, ಮೈಕ್ರೋವೇವ್ ಓವನ್ ಅನ್ನ ಬಿಸಿ ಮಾಡಿದ ಹಾಗೆ. ಅಲ್ಲಿಗೆ ಮುಟ್ಟಬಾರದು ಅಂತಲೇ ಮಿತಿಗಳಿರೋದು. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು.

ಹಾಗಾದ್ರೆ ಕ್ಯಾನ್ಸರ್ ಮಾತು ಬಂದಿದ್ದೆಲ್ಲಿಂದ? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಅಂದ್ರೆ ‘ಇರಬಹುದು’ ಅನ್ನೋ ಅನುಮಾನ, ತೀರ್ಪಲ್ಲ. ಅದೇ ಸಂಸ್ಥೆ ಮಾಡಿಸಿದ 2024ರ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ.

ಹಾಗಂತ ಯಾವ ಜೀವಿಗೂ ಏನೂ ಆಗೋದಿಲ್ಲ ಅನ್ನೋದೂ ತಪ್ಪು. ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ವಲಸೆ ಹೋಗುವ ರಾಬಿನ್ ಹಕ್ಕಿಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ದಿಕ್ಕು ಕಂಡುಕೊಳ್ಳುತ್ತವೆ. ನಗರದ ವಿದ್ಯುತ್ ಉಪಕರಣಗಳಿಂದ ಹೊಮ್ಮುವ ದುರ್ಬಲ ರೇಡಿಯೋ ಗದ್ದಲಕ್ಕೇ ಅವುಗಳ ದಿಕ್ಕು ತಪ್ಪಿತು. ಗೂಡಿಗೆ ಅಲ್ಯೂಮಿನಿಯಂ ಹೊದಿಸಿ ಅರ್ಥಿಂಗ್ ಕೊಟ್ಟ ಮೇಲೆ ಸರಿಹೋಯಿತು. ಇದು ಮೊಬೈಲ್ ತರಂಗದ ಕಥೆಯಲ್ಲ, ಕ್ಯಾನ್ಸರ್ ಕಥೆಯೂ ಅಲ್ಲ. ಆದರೆ ಸಂಶೋಧನೆ ಯಾಕೆ ನಿಲ್ಲಬಾರದು ಅನ್ನೋದಕ್ಕೆ ಉತ್ತರ.

ಈಗ ನಮ್ಮ ಬೀದಿಗೆ ಬರೋಣ. ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತೆ. ಟವರ್ ಹತ್ತಾರು ಮೀಟರ್ ದೂರದಲ್ಲಿದೆ, ಫೋನ್ ಕಿವಿಗೇ ಅಂಟಿಕೊಂಡಿದೆ. ಇನ್ನೊಂದು ವಿಷಯ: ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು. ಅಂದ್ರೆ ಬೀದಿಯ ಟವರ್ ಓಡಿಸಿದರೆ ನಿಮ್ಮ ತಲೆಯ ಪಕ್ಕದ ತರಂಗ ಹೆಚ್ಚಾಗಬಹುದು, ಕಡಿಮೆ ಆಗೋದಿಲ್ಲ!

ಅನುಮಾನವಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಟವರ್ ಅಳತೆ ಮಾಡಿಸಿ. ಅದು ನಿಮ್ಮ ಹಕ್ಕು. ಮಿತಿ ಮೀರಿದ್ದರೆ ಖಂಡಿತ ಹೋರಾಡಿ. ಅಲ್ಲಿವರೆಗೆ, ಉದ್ದ ಮಾತಿಗೆ ಇಯರ್‌ಫೋನ್ ಹಾಕಿ, ಸಿಗ್ನಲ್ ಇಲ್ಲದ ಕಡೆ ಮಾತು ಚಿಕ್ಕದಾಗಿ ಮುಗಿಸಿ. ಇದಕ್ಕೆ ಪ್ರತಿಭಟನೆ ಬೇಕಿಲ್ಲ.