ರಬ್ಬರ್ ಹಾಲಿಗೊಂದು ಅಳತೆಗೋಲು: ಮೆಟ್ರೊಲ್ಯಾಕ್

ಹೊಳಲು, ಹಡಗಲಿ ಕಡೆಯ ಹಾಲಿನ ಡೈರಿಗಳಲ್ಲಿ ಲ್ಯಾಕ್ಟೋಮೀಟರ್ ಕಂಡವರಿಗೆ ಮೆಟ್ರೊಲ್ಯಾಕ್ ಅಪರಿಚಿತ ಅನ್ನಿಸದು. ಕೆಳಗೆ ಬುರುಡೆ, ಮೇಲೆ ಗೆರೆ ಹಾಕಿದ ಸಣ್ಣ ಕಡ್ಡಿ. ರಬ್ಬರ್ ಹಾಲಿನಲ್ಲಿ ತೇಲಿಬಿಟ್ಟರೆ ಲೀಟರಿಗೆ ಎಷ್ಟು ಗ್ರಾಂ ಒಣ ರಬ್ಬರ್ ಇದೆಯೆಂದು ಹೇಳುತ್ತದೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮಲಯದ ತೋಟಗಳಲ್ಲಿ ರೂಢಿಗೆ ಬಂದ ಈ ಮಾಪಕಕ್ಕೆ ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ಸೀಮೆಯಲ್ಲೂ ಕೆಲಸವಿದೆ. ನಸುಕಿನಲ್ಲಿ ಟ್ಯಾಪಿಂಗ್ ಮಾಡಿ ತಂದ ಹಾಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 40ರಷ್ಟು ಮಾತ್ರ ರಬ್ಬರ್. ಮಿಕ್ಕದ್ದು ಬಹುಪಾಲು ನೀರು. ತಳಿ, ಋತು, ಟ್ಯಾಪಿಂಗ್ ಅಂತರ ಬದಲಾದಂತೆ ಈ ಪ್ರಮಾಣವೂ ಏರಿಳಿಯುತ್ತದೆ. ಬರೀ ಲೀಟರ್ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಗಟ್ಟಿ ಹಾಲಿನವನಿಗೆ ನಷ್ಟ ಖಂಡಿತ. ಆ ಅನ್ಯಾಯ ತಪ್ಪಿಸಿದ್ದೇ ಮೆಟ್ರೊಲ್ಯಾಕ್‌ನ ದೊಡ್ಡ ಉಪಕಾರ. ಆದರೆ ಅದು ತೋರಿಸುವ ಅಂಕಿಯನ್ನೇ ಕೊನೆಯ ತೀರ್ಪೆಂದು ಒಪ್ಪುವುದು ಸರಿಯಲ್ಲ ಎಂಬುದು ನನ್ನ ವಾದ.

ಕಾರಣ ಅದರ ಕೆಲಸದ ಬಗೆಯಲ್ಲೇ ಇದೆ. ಮೆಟ್ರೊಲ್ಯಾಕ್ ರಬ್ಬರನ್ನು ನೇರವಾಗಿ ಅಳೆಯುವುದಿಲ್ಲ, ದ್ರವದ ಸಾಂದ್ರತೆಯಿಂದ ಊಹಿಸುತ್ತದೆ. ರಬ್ಬರ್ ನೀರಿಗಿಂತ ಹಗುರ. ಹಾಗಾಗಿ ಹಾಲು ಗಟ್ಟಿಯಾದಷ್ಟೂ ಮಾಪಕ ಮುಳುಗುತ್ತದೆ, ನೀರು ಬೆರೆತಷ್ಟೂ ಮೇಲೇಳುತ್ತದೆ. ಹಸುವಿನ ಹಾಲಿನಲ್ಲಿ ಆಗುವುದಕ್ಕೆ ತದ್ವಿರುದ್ಧ. ರಬ್ಬರ್ ಹಾಲು ಮಂದವಾದ್ದರಿಂದ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ, ಎತ್ತರದ ಜಾಡಿಯ ಅಂಚಿನವರೆಗೆ ತುಂಬಿ, ನೊರೆ ಊದಿ ತೆಗೆದು ಮಾಪಕ ಇಳಿಸುತ್ತಾರೆ. 115 ಎಂದು ತೋರಿಸಿದರೆ ಮೂರರಿಂದ ಗುಣಿಸಿ ಲೀಟರಿಗೆ 345 ಗ್ರಾಂ ಎಂದು ಬರೆದುಕೊಳ್ಳುತ್ತಾರೆ. ಗುಣಿಸುವಾಗ ತಪ್ಪೂ ಮೂರು ಪಟ್ಟಾಗುತ್ತದೆ: ಓದುವಾಗ 5 ಗ್ರಾಂ ಹೆಚ್ಚುಕಮ್ಮಿಯಾದರೆ 100 ಲೀಟರಿಗೆ ಒಂದೂವರೆ ಕಿಲೋ ರಬ್ಬರಿನ ವ್ಯತ್ಯಾಸ. ಹಾಲು ಹೆಪ್ಪುಗಟ್ಟದಂತೆ ಹಾಕುವ ಅಮೋನಿಯಾ ದ್ರಾವಣ ನೀರಿಗಿಂತ ಹಗುರವಾದ್ದರಿಂದ, ಇಲ್ಲದ ರಬ್ಬರನ್ನು ಇದೆಯೆಂದೂ ತೋರಿಸೀತು.

ಹಾಗಾದರೆ ಇದನ್ನು ಮೂಲೆಗೆ ಹಾಕಬೇಕೇ? ಖಂಡಿತ ಬೇಡ. ಶೀಟು ಮಾಡುವಾಗ ಹಾಲನ್ನು ಶೇ 12.5ಕ್ಕೆ ತೆಳುಗೊಳಿಸಿ, ಒಂದೊಂದು ತಟ್ಟೆಗೆ 4 ಲೀಟರ್ ಸುರಿದರೆ ಅರ್ಧ ಕಿಲೋದ ಶೀಟು ಬರುತ್ತದೆ. ಎಷ್ಟು ನೀರು ಸೇರಿಸಬೇಕೆಂದು ತಿಳಿಯಲು ಇಷ್ಟು ಅಗ್ಗದ, ಕರೆಂಟೂ ಬೇಡದ ಸಾಧನ ಬೇರೆ ಕಾಣೆ. ಅಲ್ಲಿ ಚೂರು ವ್ಯತ್ಯಾಸವಾದರೂ ನಡೆಯುತ್ತದೆ. ಹಣದ ಲೆಕ್ಕದಲ್ಲಿ ನಡೆಯದು. ಮಾದರಿ ಹಾಲನ್ನು ತೂಗಿ, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ತೆಳುವಾಗಿ ಒತ್ತಿ ತೊಳೆದು, ಸುಮಾರು 70 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗುವ ಪ್ರಯೋಗಾಲಯದ ಕ್ರಮವೇ ಅಲ್ಲಿ ಭರವಸೆಯದು. ಅದಕ್ಕೆ ಗಂಟೆಗಟ್ಟಲೆ ಬೇಕು, ಹಾಲು ತಂದವರು ಅಷ್ಟು ಹೊತ್ತು ಕಾಯಲಾರರು ಎಂಬ ಆಕ್ಷೇಪ ನಿಜವೇ. ಆದರೆ ಕಾಯಿಸಬೇಕೆಂದೇನೂ ಇಲ್ಲ: ಮಾಪಕದ ಅಂಕಿಯ ಮೇಲೆ ಮುಂಗಡ ಕೊಟ್ಟು, ಒಣತೂಕ ಬಂದ ಮೇಲೆ ಬಾಕಿ ಚುಕ್ತಾ ಮಾಡಬಹುದು. ಹಾಲು ಕೊಳ್ಳುವವರು ರಸೀದಿಯಲ್ಲಿ ಎರಡೂ ಅಂಕಿ ಬರೆದುಕೊಡಲಿ. ಬೆಳೆಗಾರರೂ ಕೇಳಿ ಬರೆಸಿಕೊಳ್ಳಲಿ.