ಶಾಪದ ಊರಿನಲ್ಲಿ ಒಂದು ಅಣೆಕಟ್ಟಿನ ಕತೆ

ತಲಕಾಡಿನ ಪಾತಾಳೇಶ್ವರ ಗುಡಿಯನ್ನು ಯಾರೂ ಪಾತಾಳದಲ್ಲಿ ಕಟ್ಟಲಿಲ್ಲ. ಕಟ್ಟಿದ ಕಾಲದಲ್ಲಿ ಅದು ಊರಿನ ಉಳಿದ ಗುಡಿಗಳಂತೆ ಮಾಮೂಲಿ ನೆಲದ ಮೇಲೆಯೇ ಇತ್ತು. ಈಗ ಅದರ ಬಾಗಿಲು ಮುಟ್ಟಬೇಕಾದರೆ ಮರಳುದಿಬ್ಬದ ಮೇಲಿಂದ ಮೆಟ್ಟಿಲಿಳಿದು ಹೋಗಬೇಕು. ತಲೆಯೆತ್ತಿದರೆ ಗುಡಿಯ ಚಾವಣಿಗಿಂತ ಮೇಲೆ ಸರ್ವೆ ಮರಗಳ ಬುಡ ಕಾಣುತ್ತದೆ. ಗುಡಿ ಇಳಿದದ್ದಲ್ಲ, ಸುತ್ತಲಿನ ನೆಲ ಏರಿದ್ದು.

ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ, ಟಿ. ನರಸೀಪುರ ತಾಲ್ಲೂಕಿನ ಈ ಊರು ಕಾವೇರಿಯ ಎಡದಂಡೆಯ ಮೇಲಿದೆ. ಗಂಗರ ರಾಜಧಾನಿಯಾಗಿ ಮೆರೆದದ್ದು. ಸುಮಾರು 1004ರಲ್ಲಿ ಚೋಳರು ಗೆದ್ದು ರಾಜರಾಜಪುರ ಎಂದು ಕರೆದರು. ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ಅವರನ್ನು ಓಡಿಸಿ 'ತಲಕಾಡುಗೊಂಡ' ಎಂಬ ಬಿರುದು ಹೊತ್ತ. ಗೆಲುವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಇಷ್ಟು ರಾಜರು ಕಿತ್ತಾಡಿದ ಊರನ್ನು ಕೊನೆಗೆ ಗೆದ್ದದ್ದು ಯಾವ ಸೈನ್ಯವೂ ಅಲ್ಲ.

ಊರಿನ ಮೂಲಕತೆ ಶುರುವಾಗುವುದೇ ಒಂದು ಕೊಡಲಿ ಏಟಿನಿಂದ. ತಲ, ಕಾಡ ಎಂಬ ಇಬ್ಬರು ಬೇಡರು. ಆನೆಗಳು ಒಂದು ಬೂರುಗದ ಮರವನ್ನು ಪೂಜಿಸುವುದನ್ನು ಕಂಡು ಅದರಲ್ಲೇನಿದೆ ನೋಡೋಣವೆಂದು ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಚಿಮ್ಮಿತು. ಅದೇ ಮರದ ಎಲೆ, ಕಾಯಿ ಅರೆದು ಗಾಯಕ್ಕೆ ಹಚ್ಚಿ ಎಂದು ಒಳಗಿನಿಂದ ದನಿ ಬಂತು. ಹಚ್ಚಿದರು, ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ದೇವರು ವೈದ್ಯೇಶ್ವರನಾದ. ಊರಿನ ಅಂಚಿನಲ್ಲಿರುವ ವೈದ್ಯೇಶ್ವರ ದೇವಾಲಯ ಅವನದೇ. ಅಲ್ಲಿನ ದ್ವಾರಪಾಲಕರ ಕೆತ್ತನೆಯನ್ನೂ ಕಲ್ಲಿನ ಸರಪಳಿಯನ್ನೂ ಮನಸಾರೆ ನೋಡಿದ ಮೇಲೆಯೇ ಮರಳಿಗೆ ಕಾಲಿಡುವುದು ಒಳ್ಳೆಯದು. ಒಮ್ಮೆ ಮರಳಲ್ಲಿ ನಡೆದು ಬಂದವರಿಗೆ ಶಿಲ್ಪ ನೋಡುವ ವ್ಯವಧಾನ ಉಳಿದಿರುವುದಿಲ್ಲ.

ಮರಳಿನ ಹಾದಿಗೆ ಈಗ ಅಲ್ಲಲ್ಲಿ ನೆರಳಿನ ಚಪ್ಪರವಿದೆ. ಹೂತುಹೋದ ಊರಿನ ಮೇಲೆಯೇ ನಡೆಯುತ್ತಿದ್ದೇವೆ ಎಂದು ಹೇಳುವ ಫಲಕ ಬೇಕಿಲ್ಲ. ಗುಂಡಿಗಳಲ್ಲಿ ಕುಳಿತ ಗುಡಿಗಳೇ ಅದನ್ನು ಹೇಳುತ್ತವೆ. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್, ದಿಬ್ಬಗಳು ವರ್ಷಕ್ಕೆ 9-10 ಅಡಿಯಂತೆ ಊರಿನ ಕಡೆ ಸರಿಯುತ್ತಿವೆಯೆಂದೂ, ಜನ ಮನೆ ಬಿಟ್ಟು ಹಿಂದೆ ಹಿಂದೆ ಹೋಗುತ್ತಿದ್ದಾರೆಂದೂ, 30ಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆಯೆಂದೂ ದಾಖಲಿಸಿದ್ದಾರೆ. ಭೂಕಂಪವಾದರೆ ಒಂದು ಗಳಿಗೆ, ಪ್ರವಾಹವಾದರೆ ಒಂದು ವಾರ. ಇಲ್ಲಿ ನಾಶಕ್ಕೆ ಅವಸರವೇ ಇರಲಿಲ್ಲ. ಅಜ್ಜ ಕಟ್ಟಿದ ಮನೆಯ ಜಗುಲಿಗೆ ಮಗನ ಕಾಲದಲ್ಲಿ ಮರಳು ಮುಟ್ಟಿ, ಮೊಮ್ಮಗ ಬೇರೆ ಕಡೆ ತಳಪಾಯ ತೋಡಿರಬೇಕು. ಅಳುವುದಕ್ಕೆ ಒಂದು ದಿನವೆಂದು ಗೊತ್ತುಮಾಡಲಾಗದ ಅನಾಹುತ ಇದು.

ಏಕೆ ಹೀಗಾಯಿತು ಎಂದು ಯಾರನ್ನೇ ಕೇಳಿ, ಅಲಮೇಲಮ್ಮನ ಹೆಸರು ಬರುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮ. ತನ್ನ ಬಳಿಯಿದ್ದ, ಅಲ್ಲಿನ ದೇವಿ ರಂಗನಾಯಕಿ ಅಮ್ಮನವರ ಒಡವೆಗಾಗಿ ರಾಜನ ಆಳುಗಳು ಬೆನ್ನಟ್ಟಿದಾಗ ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡಿಗೆ ಮರಳನ್ನೂ, ಮಾಲಂಗಿಗೆ ಮಡುವನ್ನೂ, ಮೈಸೂರು ದೊರೆಗಳಿಗೆ ಸಂತಾನಹೀನತೆಯನ್ನೂ ಶಪಿಸಿದಳು ಎಂಬುದು ಐತಿಹ್ಯ. ಈ ಶಾಪಕ್ಕೆ ಅರಮನೆಯೇ ಹೆದರಿತು. ಅಲ್ಲಿ ಇಂದಿಗೂ ಆಕೆಯ ವಿಗ್ರಹಕ್ಕೆ ಪೂಜೆಯಿದೆ. ಅನ್ಯಾಯಕ್ಕೊಳಗಾದ ಹೆಂಗಸಿನ ಮಾತನ್ನು ಒಂದು ರಾಜಮನೆತನ ನಾಲ್ಕು ಶತಮಾನ ಮರೆಯದೆ ಇಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ. ಅದನ್ನು ನಾನು ಹಗುರವಾಗಿ ನೋಡಲಾರೆ.

ಆದರೆ ಮರಳಿನ ವಿಷಯಕ್ಕೆ ಬಂದರೆ ಈ ಕತೆ ಒಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ಶಾಪ ಎಂದ ಕೂಡಲೇ ಮುಂದಿನ ಪ್ರಶ್ನೆ ನಿಂತುಹೋಗುತ್ತದೆ.

ನದಿಯನ್ನೇ ಕೇಳಿದರೆ ಉತ್ತರ ಬೇರೆ. ತಲಕಾಡಿನ ಹತ್ತಿರ ಕಾವೇರಿ ದೊಡ್ಡದಾಗಿ ಬಳಸಿ ತಿರುಗುತ್ತದೆ. ತಿರುವಿನಲ್ಲಿ ಯಾವ ನದಿಯೂ ಮಾಡುವುದು ಒಂದೇ ಕೆಲಸ: ಒಳಮಗ್ಗುಲಲ್ಲಿ ನೀರು ನಿಧಾನವಾಗಿ ಮರಳು ಇಳಿಸುತ್ತದೆ, ಹೊರಮಗ್ಗುಲಲ್ಲಿ ರಭಸಕ್ಕೆ ದಡ ಕೊರೆದು ಆಳವಾಗುತ್ತದೆ. ಒಂದು ದಡಕ್ಕೆ ಮರಳು, ಎದುರು ದಡದ ಮಾಲಂಗಿಗೆ ಮಡು. ಶಾಪದ ಈ ಎರಡು ಭಾಗಗಳೂ ಒಂದೇ ಹರಿವಿನ ಎರಡು ಮಗ್ಗುಲು. ಶಾಪ ಕಟ್ಟಿದವರು ಯಾರೇ ಆಗಿರಲಿ, ಹೊಳೆಯನ್ನು ಚೆನ್ನಾಗಿ ನೋಡಿದ್ದರು.

ಹಾಗಿದ್ದರೂ ತಿರುವು ಗಂಗರ ಕಾಲದಲ್ಲೂ ಇದ್ದೀತು. ಊರು ಮುಳುಗಿದ್ದು ಆಮೇಲೆ. ನಡುವೆ ಏನಾಯಿತು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ, ಕನ್ನಡ ಓದುಗರಿಗೆ ಕಾದಂಬರಿಕಾರರಾಗಿಯೂ ಗೊತ್ತಿರುವ ಕೆ.ಎನ್. ಗಣೇಶಯ್ಯ 2007ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ಬೆರಳು ತೋರಿಸುವುದು ಒಂದು ಅಣೆಕಟ್ಟಿನ ಕಡೆ. ವಿಜಯನಗರದ ಆರಂಭದ ಕಾಲದಲ್ಲಿ, ಅಂದರೆ ಹದಿನಾಲ್ಕನೆಯ ಶತಮಾನದಲ್ಲಿ, ಊರಿನ ಮೇಲ್ಭಾಗದಲ್ಲಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟು. ನೀರು ಕಾಲುವೆಗೆ ತಿರುಗಿತು, ಹೊಳೆಯ ಪಾತ್ರದಲ್ಲಿ ಮರಳು ಬಯಲಾಯಿತು. ಮೊದಲು ನೀರಿನಡಿ ಮಲಗಿದ್ದ ಮರಳು ಬಿಸಿಲಿಗೆ ಒಣಗಿತು. ಮೇಲೆ ನೈಋತ್ಯದ ಗಾಳಿ. ಆಷಾಢದಲ್ಲಿ ಈ ಕಡೆ ಬೀಸುವ ಗಾಳಿಗೆ ಹೆಂಚೇ ಹಾರುತ್ತದೆ, ಮರಳಿನ ಪಾಡೇನು. ಗಾಳಿ ಬೀಸುವ ನೇರಕ್ಕೆ ಊರಿತ್ತು.

ಈ ವಾದವನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ನೆಲದಡಿಯ ಬಿರುಕು, ಭೂಮಿಯ ಏರಿಳಿತಗಳಿಂದಲೇ ನದಿ ಇಲ್ಲಿ ವಾಲಿತೆಂದು ಹೇಳುವ ಭೂವಿಜ್ಞಾನಿಗಳೂ ಇದ್ದಾರೆ. ಎರಡೂ ಕೂಡಿಯೇ ನಡೆದಿರಬಹುದು. ನನಗೆ ಅಣೆಕಟ್ಟಿನ ಕತೆ ಹೆಚ್ಚು ತಟ್ಟುವುದಕ್ಕೆ ಕಾರಣ ಅದರಲ್ಲಿ ಖಳನಾಯಕನಿಲ್ಲದಿರುವುದು. ಕಟ್ಟಿದವರು ಕೆಟ್ಟವರಲ್ಲ, ದುರಾಸೆಯವರೂ ಅಲ್ಲ. ಗದ್ದೆಗೆ ನೀರು ಬೇಕಿತ್ತು. ಮಾಧವಮಂತ್ರಿ ನಾಲೆ ಇಂದಿಗೂ ಹರಿಯುತ್ತಿದೆ, ಸುತ್ತಲ ಗದ್ದೆಗಳು ಹಸಿರಾಗಿವೆ. ಭತ್ತ ಕೊಟ್ಟ ಕಾಲುವೆಯೇ ಮರಳನ್ನೂ ತಂದಿದ್ದರೆ ಯಾರನ್ನು ಬೈಯುವುದು? ಅಲಮೇಲಮ್ಮನನ್ನು ಹೊಣೆ ಮಾಡುವುದು ಸುಲಭ.

ಹೂತದ್ದನ್ನು ತೆಗೆಯುವ ಕೆಲಸವೂ ಇಲ್ಲಿ ಹಳೆಯದೇ. ಕಾರ್ತಿಕದಲ್ಲಿ ತಿಥಿ, ವಾರ, ನಕ್ಷತ್ರ ಕೂಡಿಬಂದ ವರ್ಷ ಪಂಚಲಿಂಗ ದರ್ಶನ ನಡೆಯುತ್ತದೆ. 2009, 2013, 2020ರಲ್ಲಿ ನಡೆಯಿತು. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐವರನ್ನೂ ಒಂದೇ ದಿನ ನೋಡಬೇಕು. ಹಿಂದೆ ಪ್ರತಿ ಸಲವೂ ಮರಳು ಬಗೆದು ದೇವರನ್ನು ಮೇಲೆ ತರಬೇಕಿತ್ತು, ಜಾತ್ರೆ ಮುಗಿದ ಮೇಲೆ ಗಾಳಿ ಮತ್ತೆ ತನ್ನ ಕೆಲಸ ಮಾಡುತ್ತಿತ್ತು. 1990ರ ದಶಕದಲ್ಲಿ ಪುರಾತತ್ತ್ವದವರು ಕ್ರಮವಾಗಿ ಅಗೆಯತೊಡಗಿದ ಮೇಲೆ ಇಟ್ಟಿಗೆ ಗೋಡೆ, ಮಡಕೆ ಚೂರುಗಳ ಜೊತೆಗೆ ಹಳೆಯ ಊರಿನ ಚಹರೆಯೂ ಸ್ವಲ್ಪ ಸ್ವಲ್ಪವಾಗಿ ಕಾಣಿಸಿತು. ಕೀರ್ತಿನಾರಾಯಣನ ಗುಡಿ ಮರಳಿನಿಂದ ಹೊರಬಂದು ಜೀರ್ಣೋದ್ಧಾರವಾಯಿತು. ದಿಬ್ಬಗಳ ಮೇಲೆ ಅರಣ್ಯ ಇಲಾಖೆ ಬೆಳೆಸಿದ ಸರ್ವೆ, ನೀಲಗಿರಿ ತೋಪು ಮರಳಿನ ಓಟಕ್ಕೆ ಕಡಿವಾಣ ಹಾಕಿದೆ. ನೀಲಗಿರಿಯ ಬಗ್ಗೆ ನೂರು ತಕರಾರು ಇರುವವರೂ ಇಲ್ಲಿ ಸುಮ್ಮನಾಗಬೇಕು.

ಈ ನಡುವೆ ಕಾಲ ಹೇಗೆ ತಿರುಗಿತು ನೋಡಿ. ಬೇಡವೆಂದರೂ ಮನೆಯೊಳಕ್ಕೆ ನುಗ್ಗುತ್ತಿದ್ದ ಮರಳಿಗೆ ಈಗ ಬೆಲೆ ಬಂದಿದೆ. ಟಿ. ನರಸೀಪುರ ತಾಲ್ಲೂಕಿನ ಹೊಳೆಯಲ್ಲಿ ರಾತ್ರೋರಾತ್ರಿ ಮರಳೆತ್ತುವ ದಂಧೆ, ಲಾರಿ ಜಪ್ತಿ, ಮೊಕದ್ದಮೆ, ಇವೆಲ್ಲ ಸ್ಥಳೀಯ ಪುಟಗಳ ಹಳೆಯ ಸುದ್ದಿ. ಬೆಂಗಳೂರು, ಮೈಸೂರಿನ ಕಟ್ಟಡಗಳಿಗೆ ನದಿಯ ತಳ ಬೇಕು. ಮರಳೆತ್ತಿದ ಕಡೆ ಗುಂಡಿ ಬೀಳುತ್ತದೆ, ಮೇಲಿಂದ ನೋಡಿದರೆ ನೀರು ಮೊಣಕಾಲುದ್ದ ಎನ್ನಿಸುತ್ತದೆ. ಮಾಲಂಗಿಯಲ್ಲಿ ನದಿ ತಾನಾಗಿ ತೋಡಿದ ಮಡು, ಇಲ್ಲಿ ಸಲಿಕೆ, ಯಂತ್ರ ತೋಡಿದ ಮಡು. ಇದಕ್ಕೆ ಶಪಿಸಿದವರು ಯಾರೆಂದು ಹೇಳುವ ಐತಿಹ್ಯ ಇನ್ನೂ ಹುಟ್ಟಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಟಿ. ನರಸೀಪುರದ ಮೂಲಕ ಬಸ್ಸಿದೆ. ಬೆಳಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಬರಿಗಾಲಿಗೆ ಮರಳು ಸುಡುತ್ತದೆ. ನಿಸರ್ಗಧಾಮದ ಬಳಿ ಹೊಳೆ ಎಷ್ಟೇ ಸಪ್ಪಗೆ ಕಂಡರೂ ಮಕ್ಕಳನ್ನು ಆಳಕ್ಕೆ ಬಿಡಬೇಡಿ. ಈಜು ಬಲ್ಲವರೂ ಇಲ್ಲಿ ಸತ್ತಿದ್ದಾರೆ. ಸಮಯವಿದ್ದರೆ ಊರಿಗೆ ಬರುವ ಮೊದಲೇ ಮುಡುಕುತೊರೆಯ ಬೆಟ್ಟ ಹತ್ತಿ. ಮೆಟ್ಟಿಲು ಹೆಚ್ಚಿಲ್ಲ. ಮೇಲಿಂದ ಕಾವೇರಿಯ ತಿರುವು, ಮರಳ ಪಾತ್ರ, ಗದ್ದೆ, ನಾಲೆ ಎಲ್ಲ ಒಟ್ಟಿಗೆ ಕಾಣುತ್ತವೆ. ಅದನ್ನು ಸರಿಯಾಗಿ ನೋಡಿಕೊಂಡು ಕೆಳಗಿಳಿದು, ಆಮೇಲೆ ಗೈಡಿನ ಬಾಯಲ್ಲಿ ಶಾಪದ ಕತೆ ಕೇಳಿ.