ಇಂಡಿಯನ್ ಲೈಸೆನ್ಸ್ ಇದ್ದರೆ ಸಾಕೇ? ವಿದೇಶದಲ್ಲಿ ಬೈಕ್ ಬಾಡಿಗೆಗೆ ಪಡೆಯುವ ಮುನ್ನ ಇದನ್ನು ಓದಿ

"ನಮ್ಮ ಭಾರತದ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು, ಈ ಎಲ್ಲಾ ದೇಶಗಳಲ್ಲಿ ಗಾಡಿ ಓಡಿಸಬಹುದು. ಎಲ್ಲರಿಗೂ ಶೇರ್ ಮಾಡಿ" ಎನ್ನುವ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೆಳಗೆ ದೇಶಗಳ ಉದ್ದನೆಯ ಪಟ್ಟಿ ಇರುತ್ತದೆ. ಓದಿದವರಿಗೆ ಖುಷಿಯಾಗುತ್ತದೆ, ಮುಂದಕ್ಕೆ ಕಳಿಸುತ್ತಾರೆ.

ಈ ಮೆಸೇಜ್ ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಪೂರ್ತಿ ಸುಳ್ಳನ್ನು ಯಾರೂ ನಂಬುವುದಿಲ್ಲ, ಅಪಾಯ ಇರುವುದು ಅರ್ಧ ಸತ್ಯದಲ್ಲೇ. ಬ್ರಿಟನ್ನಿಗೆ ಹೋದ ಪ್ರವಾಸಿಗರು ತಮ್ಮ ದೇಶದ ಲೈಸೆನ್ಸ್‌ನಲ್ಲಿ ನಮೂದಾಗಿರುವ ಸಣ್ಣ ವಾಹನಗಳನ್ನು 12 ತಿಂಗಳವರೆಗೆ ಓಡಿಸಬಹುದು ಎನ್ನುವುದು ನಿಜ. ಆದರೆ ನಮ್ಮ ಹುಡುಗರು ಈಗ ಹೆಚ್ಚಾಗಿ ಬೈಕ್ ಬಾಡಿಗೆಗೆ ಪಡೆಯುವುದು ಥಾಯ್ಲೆಂಡ್, ಬಾಲಿ, ವಿಯೆಟ್ನಾಂನಂಥ ಕಡೆ. ಅಲ್ಲಿನ ಲೆಕ್ಕವೇ ಬೇರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬುಕ್ಕಾಪಟ್ಟಣದ ಒಬ್ಬ ಹುಡುಗ ಎಂದುಕೊಳ್ಳಿ. ಶಿರಾಕ್ಕೆ ದಿನಾ ಬೈಕಿನಲ್ಲೇ ಹೋಗಿ ಬರುತ್ತಾನೆ. ನೆಂಟರ ಮನೆ ಎಂದು ಮಧುಗಿರಿ, ಕೊರಟಗೆರೆ, ಪಾವಗಡವನ್ನೂ ಸುತ್ತಿದ್ದಾನೆ. ಹತ್ತು ವರ್ಷ ಗಾಡಿ ಓಡಿಸಿದ ಕೈ. ಈಗ ಬೆಂಗಳೂರಿನ ಗೆಳೆಯರ ಜೊತೆ ವಿದೇಶ ಪ್ರವಾಸಕ್ಕೆ ಹೊರಟಿದ್ದಾನೆ. ಅಲ್ಲಿನ ಅಂಗಡಿಯವನು ಪಾಸ್‌ಪೋರ್ಟ್ ನೋಡಿ, ದುಡ್ಡು ಎಣಿಸಿಕೊಂಡು ಸ್ಕೂಟರ್ ಕೀಲಿ ಕೊಡುತ್ತಾನೆ. ಲೈಸೆನ್ಸ್ ಕೇಳುವುದೇ ಇಲ್ಲ. ಹುಡುಗನಿಗೆ ಎಲ್ಲ ಸರಿ ಇದೆ ಎನಿಸುತ್ತದೆ. ಏನು ಸರಿ ಇಲ್ಲ ಎಂದು ಒಂದೊಂದಾಗಿ ನೋಡೋಣ.

ಐಡಿಪಿ ಎಂದರೇನು?

ಐಡಿಪಿ ಎಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಇದು ಹೊಸ ಲೈಸೆನ್ಸ್ ಅಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಏನಿದೆ ಎಂಬುದನ್ನು ಬೇರೆ ದೇಶದ ಅಧಿಕಾರಿಗೆ ಅರ್ಥವಾಗುವ ರೀತಿಯಲ್ಲಿ ಹೇಳುವ ಪತ್ರ. ಹಾಗಾಗಿ ಮೂಲ ಲೈಸೆನ್ಸ್ ಜೊತೆಯಲ್ಲಿ ಇಲ್ಲದಿದ್ದರೆ ಇದಕ್ಕೆ ಬೆಲೆ ಇಲ್ಲ.

ಇದನ್ನು ಆರ್‌ಟಿಓ ಕಚೇರಿಯಲ್ಲಿ ಪಡೆಯಬೇಕು. ಫಾರಂ 4ಎ ತುಂಬಿ ಅರ್ಜಿ ಹಾಕಬೇಕು, ಪರಿವಾಹನ್ ವೆಬ್‌ಸೈಟ್ ಮೂಲಕವೂ ಹಾಕಬಹುದು. ಕೇಂದ್ರ ನಿಯಮದ ಪ್ರಕಾರ ಶುಲ್ಕ 1000 ರೂಪಾಯಿ. ಅವಧಿ ಒಂದು ವರ್ಷ. ಅದಕ್ಕೂ ಮೊದಲೇ ನಿಮ್ಮ ಲೈಸೆನ್ಸ್ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗಿಯಿತು. ಮಧುಗಿರಿಯಲ್ಲೇ ಕೆಎ-64 ಆರ್‌ಟಿಓ ಕಚೇರಿ ಇದೆ, ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಹೊರಡುವ ಹಿಂದಿನ ದಿನ ನೆನಪಿಸಿಕೊಂಡರೆ ಮಾತ್ರ ಆಗುವುದಿಲ್ಲ.

"ಮನೆಯಲ್ಲೇ ಕೂತು ಹತ್ತು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್ ಪಡೆಯಿರಿ" ಎಂದು ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಭಾರತದ ಐಡಿಪಿಗೆ ಹತ್ತು ವರ್ಷದ ಅವಧಿ ಇಲ್ಲವೇ ಇಲ್ಲ. ಅಂಥ ಲಿಂಕ್ ಬಂದರೆ ಅದು ಮೋಸ ಎಂದೇ ತಿಳಿಯಿರಿ.

ಕಾರಿನ ಲೈಸೆನ್ಸ್‌ನಲ್ಲಿ ಬೈಕ್ ಓಡದು

ನಿಮ್ಮ ಲೈಸೆನ್ಸನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಎಲ್‌ಎಂವಿ ಎಂದಿದ್ದರೆ ಕಾರು. ಎಂಸಿಡಬ್ಲ್ಯುಜಿ ಎಂದಿದ್ದರೆ ಗೇರ್ ಇರುವ ಬೈಕ್. ಐಡಿಪಿಯಲ್ಲಿ ಬೈಕಿಗೆ 'ಎ' ವರ್ಗ, ಕಾರಿಗೆ 'ಬಿ' ವರ್ಗ. ನಿಮ್ಮ ಲೈಸೆನ್ಸ್‌ನಲ್ಲಿ ಬೈಕ್ ಇಲ್ಲದಿದ್ದರೆ ಐಡಿಪಿಯ 'ಎ' ಕಾಲಂನಲ್ಲಿ ಮೊಹರು ಬೀಳುವುದಿಲ್ಲ. ಆಗ ಪುಸ್ತಕ ಕೈಯಲ್ಲಿದ್ದರೂ ಬೈಕಿನ ಮಟ್ಟಿಗೆ ನೀವು ಲೈಸೆನ್ಸ್ ಇಲ್ಲದವರೇ. "ಐಡಿಪಿ ಇದೆ" ಎಂದು ಧೈರ್ಯವಾಗಿ ಹೋದವರು ಎಡವುವುದು ಇಲ್ಲೇ.

ಒಂದೇ ಐಡಿಪಿ ಎಲ್ಲ ದೇಶಕ್ಕೂ ನಡೆಯುವುದೇ?

ಇಲ್ಲ. ರಸ್ತೆ ಸಂಚಾರದ ಬಗ್ಗೆ ಎರಡು ದೊಡ್ಡ ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಒಂದು 1949ರ ಜಿನೀವಾ ಒಪ್ಪಂದ, ಇನ್ನೊಂದು 1968ರ ವಿಯೆನ್ನಾ ಒಪ್ಪಂದ. ನಮ್ಮ ಐಡಿಪಿ 1949ರ ಒಪ್ಪಂದದ ಪ್ರಕಾರದ್ದು. ಥಾಯ್ಲೆಂಡ್ ಇದನ್ನು ಒಪ್ಪುತ್ತದೆ. ವಿಯೆಟ್ನಾಂ ಸೇರಿರುವುದು 1968ರ ಒಪ್ಪಂದಕ್ಕೆ ಮಾತ್ರ. ಹಾಗಾಗಿ ಆರ್‌ಟಿಓದಲ್ಲಿ ಸಾವಿರ ರೂಪಾಯಿ ಕಟ್ಟಿ ತಂದ ಐಡಿಪಿಗೆ ಅಲ್ಲಿ ಮಾನ್ಯತೆ ಇಲ್ಲ. ಶ್ರೀಲಂಕಾದಲ್ಲಿ ಐಡಿಪಿಯ ಜೊತೆಗೆ ಅಲ್ಲಿನ ಸ್ಥಳೀಯ ಮಾನ್ಯತೆಯನ್ನೂ ಪಡೆಯಬೇಕು.

ಇನ್ನೊಂದು ಮಾತು. ಐಡಿಪಿ ಇರುವುದು ಪ್ರವಾಸಿಗರಿಗೆ. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆ ನಿಂತವರು ಸಾಮಾನ್ಯವಾಗಿ ಆ ದೇಶದ ಲೈಸೆನ್ಸನ್ನೇ ಪಡೆಯಬೇಕಾಗುತ್ತದೆ. ಗಲ್ಫ್‌ಗೆ ಹೋಗುವ ಮಕ್ಕಳಿಗೆ ಮನೆಯವರು ಇದನ್ನು ಹೇಳಿಕಳಿಸುವುದು ಒಳ್ಳೆಯದು.

"ಅಂಗಡಿಯವನೇ ಕೊಟ್ಟನಲ್ಲ?"

ಕೊಟ್ಟದ್ದು ವ್ಯಾಪಾರಕ್ಕೆ. ಅವನು ಲೈಸೆನ್ಸ್ ಕೇಳಲಿಲ್ಲ ಎಂದರೆ ನಿಮಗೆ ಅನುಮತಿ ಇದೆ ಎಂದು ಅರ್ಥವಲ್ಲ. ಹಾಗೆಯೇ "ಪೊಲೀಸರಿಗೆ ದಂಡ ಕಟ್ಟಿ ರಸೀದಿ ಇಟ್ಟುಕೊಂಡರೆ ಆಮೇಲೆ ಓಡಿಸಬಹುದು" ಎನ್ನುವ ಮಾತು ಪ್ರವಾಸಿಗರ ನಡುವೆ ಓಡಾಡುತ್ತದೆ. ದಂಡದ ರಸೀದಿ ಲೈಸೆನ್ಸ್ ಆಗುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ಆಸ್ಪತ್ರೆಯಲ್ಲಿ. ಪ್ರಯಾಣ ವಿಮೆ ಮಾಡಿಸಿದ್ದೇವೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಮಾನ್ಯ ಲೈಸೆನ್ಸ್ ಇಲ್ಲದೆ, ಹೆಲ್ಮೆಟ್ ಇಲ್ಲದೆ ಅಥವಾ ಕುಡಿದು ಗಾಡಿ ಓಡಿಸಿ ಗಾಯವಾದರೆ ಪರಿಹಾರ ಕೊಡುವುದಿಲ್ಲ ಎಂದು ಹಲವು ಪಾಲಿಸಿಗಳಲ್ಲಿ ಬರೆದೇ ಇರುತ್ತದೆ. ಕೆಲವು ಪಾಲಿಸಿಗಳು ಇಷ್ಟು ಸಿಸಿಗಿಂತ ದೊಡ್ಡ ಬೈಕಿಗೆ ಅನ್ವಯಿಸುವುದಿಲ್ಲ. ತಲೆಗೆ ಪೆಟ್ಟಾಗಿ ಐಸಿಯುನಲ್ಲಿ ಮಲಗಿದರೆ, ವಿಮಾನದಲ್ಲಿ ಸ್ಟ್ರೆಚರ್ ಹಾಕಿಸಿ ಊರಿಗೆ ಕರೆತರಬೇಕಾದರೆ, ಆ ಖರ್ಚೆಲ್ಲ ಮನೆಯವರ ಮೇಲೆ. ಹೊಲ, ಒಡವೆ ಅಡ ಇಡುವ ಮಟ್ಟಕ್ಕೆ ಹೋಗಬಹುದು. ಕೆಲವು ನೂರು ರೂಪಾಯಿಯ ಬಾಡಿಗೆ ಸ್ಕೂಟರ್‌ಗೆ ಇದು ಬಹಳ ದೊಡ್ಡ ಬೆಲೆ.

ಆದ್ದರಿಂದ ಪಾಲಿಸಿ ಕೊಳ್ಳುವಾಗಲೇ "ದ್ವಿಚಕ್ರ ವಾಹನ ಓಡಿಸಿದರೆ ಕವರ್ ಇದೆಯೇ, ಎಷ್ಟು ಸಿಸಿವರೆಗೆ?" ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯಿರಿ. ಬಾಡಿಗೆ ಅಂಗಡಿಯಲ್ಲಿ ಪಾಸ್‌ಪೋರ್ಟ್ ಅಡ ಇಡಬೇಡಿ. ಅದರ ಬದಲು ಹಣ ಡಿಪಾಸಿಟ್ ಇಡಿ, ಗಾಡಿಯನ್ನು ಸುತ್ತಲೂ ವಿಡಿಯೋ ಮಾಡಿಕೊಳ್ಳಿ.

ನಮ್ಮದೇ ಬೈಕಿನಲ್ಲಿ ನೇಪಾಳಕ್ಕೋ ಭೂತಾನಿಗೋ ಹೋಗುವವರಿಗೂ ಒಂದು ಮಾತು. ಇಲ್ಲಿ ಮಾಡಿಸಿದ ಗಾಡಿ ವಿಮೆ ತಾನಾಗಿ ಗಡಿ ದಾಟುವುದಿಲ್ಲ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವಿಮೆಯ ವ್ಯಾಪ್ತಿ ವಿಸ್ತರಿಸಿಕೊಳ್ಳುವ ಸೌಲಭ್ಯ ಇದೆ. ಹೊರಡುವ ಮೊದಲು ವಿಮಾ ಕಂಪನಿಯನ್ನು ಕೇಳಿ.

ಹತ್ತು ವರ್ಷದ ಅನುಭವ ಕೈಕೊಡುವುದು ಎಲ್ಲಿ?

ಕಾಗದ ಪತ್ರ ಎಲ್ಲ ಸರಿ ಇದ್ದರೂ ಅಪಾಯ ಮುಗಿಯಲಿಲ್ಲ. ನಮ್ಮ ಹುಡುಗ ಊರಿನಲ್ಲಿ ಗೇರ್ ಬೈಕ್ ಓಡಿಸಿದವನು. ಅವನ ಎಡಗೈಗೆ ಗೊತ್ತಿರುವುದು ಕ್ಲಚ್. ಅಲ್ಲಿ ಸಿಗುವುದು ಹೆಚ್ಚಾಗಿ ಗೇರ್ ಇಲ್ಲದ ಸ್ಕೂಟರ್. ಅದರಲ್ಲಿ ಎಡಗೈಯ ಲಿವರ್ ಹಿಂದಿನ ಚಕ್ರದ ಬ್ರೇಕ್. ಗಾಬರಿಯಾದಾಗ ಕೈ ಹಳೆಯ ಅಭ್ಯಾಸದಂತೆ ಅದನ್ನು ಪೂರ್ತಿ ಹಿಡಿಯುತ್ತದೆ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ, ಮರಳು ಇರುವ ತಿರುವಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅದಕ್ಕೇ ಮೊದಲು ಖಾಲಿ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ ಬ್ರೇಕ್ ಹಿಡಿದು ನೋಡಿ.

ಇನ್ನೊಂದು, ರಸ್ತೆಯ ಬದಿ. ಥಾಯ್ಲೆಂಡ್, ಇಂಡೋನೇಷ್ಯಾ, ಶ್ರೀಲಂಕಾ, ನೇಪಾಳ, ಭೂತಾನ್, ಮಲೇಷ್ಯಾಗಳಲ್ಲಿ ನಮ್ಮಂತೆ ಎಡಬದಿ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್, ದುಬೈ, ಅಮೆರಿಕ ಇಲ್ಲೆಲ್ಲ ಬಲಬದಿ. ನಾವು ರಸ್ತೆಗೆ ಇಳಿಯುವಾಗ ಮೊದಲು ಬಲಕ್ಕೆ ನೋಡುತ್ತೇವೆ. ಅಲ್ಲಿ ಮೊದಲ ಗಾಡಿ ಬರುವುದು ಎಡದಿಂದ. ವಾಹನ ದಟ್ಟಣೆ ಇದ್ದಾಗ ಬೇರೆಯವರನ್ನು ನೋಡಿ ಸರಿಯಾಗಿಯೇ ಹೋಗುತ್ತೇವೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಅಥವಾ ಹೋಟೆಲಿನಿಂದ ಹೊರಗೆ ಬಂದ ಮೊದಲ ನಿಮಿಷದಲ್ಲಿ. ಗಾಡಿ ಸ್ಟಾರ್ಟ್ ಮಾಡುವ ಮುನ್ನ "ಇಲ್ಲಿ ಬಲಬದಿ" ಎಂದು ಬಾಯಿ ಬಿಟ್ಟು ಹೇಳಿಕೊಳ್ಳಿ. ನಗುವವರು ನಗಲಿ.

ವೇಗದ ಲೆಕ್ಕವನ್ನೂ ನೆನಪಿಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, 40ರಲ್ಲಿ ಸುಮಾರು 11 ಮೀಟರ್. ಬ್ರೇಕ್ ಹಿಡಿಯಬೇಕು ಎಂದು ತಲೆಗೆ ಹೊಳೆಯುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 60ರ ಡಿಕ್ಕಿ 40ರ ಡಿಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜೋರು.

ಹೆಲ್ಮೆಟ್ ಊರಿನಿಂದಲೇ ಒಯ್ಯಿರಿ

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಧರಿಸಿದ ಸವಾರರಲ್ಲಿ ಸಾವಿನ ಅಪಾಯ ಸುಮಾರು ಶೇ. 42ರಷ್ಟು, ತಲೆಯ ಗಾಯದ ಅಪಾಯ ಸುಮಾರು ಶೇ. 69ರಷ್ಟು ಕಡಿಮೆ. ಹೆಲ್ಮೆಟ್ಟಿನ ಗಟ್ಟಿ ಹೊರಕವಚದ ಒಳಗೆ ದಪ್ಪ ಥರ್ಮೋಕೋಲ್ ಪದರ ಇರುತ್ತದೆ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ಹೊಡೆತವನ್ನು ತಾನು ತೆಗೆದುಕೊಳ್ಳುತ್ತದೆ. ಆ ಪದರವೇ ಇಲ್ಲದ ಟೋಪಿಯಂಥ ಹೆಲ್ಮೆಟ್‌ಗಳು ಬಾಡಿಗೆ ಅಂಗಡಿಗಳಲ್ಲಿ ಸಿಗುವುದುಂಟು. ಅವು ಪೊಲೀಸರಿಂದ ಕಾಪಾಡಬಹುದು, ರಸ್ತೆಯಿಂದ ಅಲ್ಲ.

ನಮ್ಮಲ್ಲಿ 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಳತೆಗೆ ಸರಿಯಾದ, ಗಲ್ಲದ ಪಟ್ಟಿ ಗಟ್ಟಿಯಾಗಿ ಕೂರುವ ಇಂಥ ಹೆಲ್ಮೆಟ್ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡರೆ ಆಯಿತು. ಹಿಂದೆ ಕೂರುವವರಿಗೂ ಬೇಕು. ವಿಯೆಟ್ನಾಂನಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯ. 2020ರಿಂದ ಅಲ್ಲಿ ಚಾಲಕರ ರಕ್ತದಲ್ಲಿ ಸ್ವಲ್ಪವೂ ಮದ್ಯ ಇರುವಂತಿಲ್ಲ, "ಒಂದೇ ಬಿಯರ್" ಎನ್ನುವ ವಿನಾಯಿತಿ ಇಲ್ಲ.

ನಮ್ಮೂರಿಗೆ ಬಂದ ವಿದೇಶಿಯರಿಗೂ ಇದೇ ನಿಯಮ

ಇಷ್ಟು ಹೊತ್ತು ಅಲ್ಲಿಗೆ ಹೋದ ನಮ್ಮವರ ಕಥೆ ಹೇಳಿದೆವು. ಹಂಪಿಗೆ, ಗೋಕರ್ಣಕ್ಕೆ ಬರುವ ವಿದೇಶಿ ಅತಿಥಿಗಳದ್ದೂ ಇದೇ ಕಥೆ. ಪಾಪ, ದೂರದಿಂದ ಬಂದಿದ್ದಾರೆ ಎಂದು ಮನೆಯ ಸ್ಕೂಟರ್ ಕೀಲಿ ಕೊಡುವವರಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಪ್ರಕಾರ ಮಾನ್ಯ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರಿಗೆ ಮೂರು ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ಪರಿಹಾರದ ಹೊರೆಯೂ ಮಾಲೀಕರ ತಲೆಗೇ ಬರಬಹುದು.

ಕಾನೂನಿನಂತೆ ಬಾಡಿಗೆಗೆ ಕೊಡುವ ಪೆಟ್ರೋಲ್ ಬೈಕಿಗೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಸ್ವಂತ ಗಾಡಿ ಬಾಡಿಗೆಗಲ್ಲ. ಅತಿಥಿಯ ಮೇಲೆ ಪ್ರೀತಿ ಇದ್ದರೆ ಆಟೋ ಮಾಡಿಕೊಡಿ.

ಅಪಘಾತವಾದರೆ?

ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿದ್ದರೆ ಹೆಚ್ಚು ಹಾನಿ. ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ, ತಲೆ ಕುತ್ತಿಗೆ ಅಲುಗದಂತೆ ಇಬ್ಬರು ಸೇರಿ ತೆಗೆಯಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬೇಡಿ. ಆಂಬುಲೆನ್ಸ್ ನಂಬರುಗಳು: ಥಾಯ್ಲೆಂಡ್ 1669, ವಿಯೆಟ್ನಾಂ 115, ಶ್ರೀಲಂಕಾ 1990, ನೇಪಾಳ 102. ಥಾಯ್ಲೆಂಡಿನ ಪ್ರವಾಸಿ ಪೊಲೀಸ್ 1155. ಭಾರತದ ರಾಯಭಾರ ಕಚೇರಿಯ ನಂಬರನ್ನು ವಿಮಾನ ಹತ್ತುವ ಮೊದಲೇ ಸೇವ್ ಮಾಡಿಕೊಳ್ಳಿ, ಮನೆಯವರಿಗೂ ಕೊಡಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

1. ಇಂಡಿಯನ್ ಲೈಸೆನ್ಸ್ ಒಂದೇ ಎಲ್ಲ ದೇಶಕ್ಕೂ ಸಾಲದು. ಹೋಗುವ ದೇಶದ ನಿಯಮ ನೋಡಿ.
2. ಐಡಿಪಿಯಲ್ಲಿ ಬೈಕಿನ 'ಎ' ವರ್ಗಕ್ಕೆ ಮೊಹರು ಇದೆಯೇ ನೋಡಿ. ವಿಯೆಟ್ನಾಂನಲ್ಲಿ ನಮ್ಮ ಐಡಿಪಿ ನಡೆಯುವುದಿಲ್ಲ.
3. ಪ್ರಯಾಣ ವಿಮೆ ಬೈಕ್ ಸವಾರಿಗೆ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.
4. ಐಎಸ್‌ಐ ಗುರುತಿನ ಹೆಲ್ಮೆಟ್ ಊರಿನಿಂದಲೇ ಒಯ್ಯಿರಿ.
5. ಇವುಗಳಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೆ ಟ್ಯಾಕ್ಸಿ ಹಿಡಿಯಿರಿ.

ನಮ್ಮ ಬುಕ್ಕಾಪಟ್ಟಣದ ಹುಡುಗ ಟ್ಯಾಕ್ಸಿಯಲ್ಲಿ ಸುತ್ತಿದರೆ ಫೋಟೋಗಳು ಒಂದೆರಡು ಕಡಿಮೆಯಾಗಬಹುದು. ಹೋದಷ್ಟೇ ಗಟ್ಟಿಮುಟ್ಟಾಗಿ ಮನೆಗೆ ವಾಪಸ್ ಬರುತ್ತಾನೆ. ಮನೆಯವರು ಕಾಯುತ್ತಿರುವುದು ಅದಕ್ಕೇ.